ಸರಪಳಿ ಗರಗಸಕ್ಕೆ ಪೆಟ್ರೋಲು ಸರಿಯಾಗಿ ಒದಗದಿರುವ ವಿಚಾರ

ಮುಂಗಾರು ಬಲವಾಗಿ ಹಿಡಿದ ಮೇಲೆ ಮಲೆನಾಡಿನ ತೋಟಗಳಲ್ಲಿ ಎಲ್ಲಿಯಾದರೊಂದು ಮರ ಬೀಳದ ವಾರವಿಲ್ಲವೆಂದರೂ ಸಲ್ಲುವುದು. ಗಾಳಿಗೆ ಬುಡ ಕಿತ್ತ ಮರವು ಅಡಕೆಯ ಸಾಲಿನ ಮೇಲೆ ಒರಗಿಯೋ, ಕಾಫಿಯ ಗಿಡಗಳನ್ನು ಮುರಿದೋ, ಊರಿಗೆ ಇರುವ ಒಂದೇ ದಾರಿಗೆ ಅಡ್ಡವಾಗಿಯೋ ಬಿದ್ದಿರುತ್ತದೆ. ಹಿಂದಿನ ಕಾಲದಲ್ಲಿ ಇಂತಹ ಮರವನ್ನು ತುಂಡು ಮಾಡಲು ಇಬ್ಬರು ಆಳುಗಳು ಉದ್ದ ಗರಗಸವನ್ನು ಹಿಡಿದು ಅರ್ಧ ದಿವಸ ಎಳೆಯಬೇಕಾಗುತ್ತಿತ್ತು. ಈಗ ಚೈನ್ ಸಾ ಎಂದು ಎಲ್ಲರೂ ಕರೆಯುವ ಪೆಟ್ರೋಲಿನ ಸರಪಳಿ ಗರಗಸವು ಆ ಕೆಲಸವನ್ನು ಒಂದು ಗಳಿಗೆಯಲ್ಲಿ ಮುಗಿಸುತ್ತದೆ. ಆದರೆ ಯಂತ್ರವು ಹೊತ್ತಿಕೊಂಡರೆ ಮಾತ್ರ. ಬೇಸಗೆಯಿಂದ ಕೊಟ್ಟಿಗೆಯ ಮೂಲೆಯಲ್ಲಿ ಕುಳಿತಿದ್ದ ಯಂತ್ರವನ್ನು ಹೊರಗೆ ತಂದು, ಹಗ್ಗವನ್ನು ಮೂವತ್ತು ನಲವತ್ತು ಸಲ ಎಳೆದು, ತೋಳು ಸೋತ ಮೇಲೆ ಅಲ್ಲಿ ನೆರೆದವರೊಳಗೆ ಯಾರಾದರೊಬ್ಬರು ‘ಕಾರ್ಬುರೇಟರು ಹೋಗಿದೆ’ ಎಂದು ತೀರ್ಪು ಕೊಡುತ್ತಾರೆ. ಯಂತ್ರವು ಪೇಟೆಗೆ ಹೋಗುತ್ತದೆ. ಮರವು ದಾರಿಯಲ್ಲಿಯೇ ಉಳಿಯುತ್ತದೆ.

ಈ ತೀರ್ಪು ಬಹುಮಟ್ಟಿಗೆ ತಪ್ಪಾಗಿರುತ್ತದೆ. ಕಾರ್ಬುರೇಟರು ಕೆಡುವುದಿಲ್ಲವೆಂದಲ್ಲ, ಆದರೆ ಪೆಟ್ರೋಲು ಟಾಂಕಿಯಿಂದ ಹೊರಟು ಅದನ್ನು ಮುಟ್ಟುವುದರೊಳಗೆ ಕೆಡತಕ್ಕ ಸ್ಥಳಗಳು ಇನ್ನೂ ಐದಾರು ಇವೆ. ಕೆರೆಯ ಅಚ್ಚುಕಟ್ಟಿನಲ್ಲಿ ಕಡೆಯ ಗದ್ದೆಗೆ ನೀರು ಬಾರದಿದ್ದರೆ ನೀರುಗಂಟಿಯು ಮೊದಲು ಗದ್ದೆಯನ್ನು ಅಗೆಯುವುದಿಲ್ಲ. ಕೆರೆಯಲ್ಲಿ ನೀರಿದೆಯೇ, ತೂಬು ತೆರೆದಿದೆಯೇ, ಕಾಲುವೆಯಲ್ಲಿ ಕಸ ಕಟ್ಟಿದೆಯೇ, ಏರಿ ಒಡೆದಿದೆಯೇ ಎಂದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರುತ್ತಾನೆ. ಗರಗಸದ ವಿಷಯದಲ್ಲಿಯೂ ನ್ಯಾಯವಾದ ಕ್ರಮವು ಇದೇ. ಹೀಗಿರಲಾಗಿ, ಈ ಕ್ರಮವನ್ನು ಬಿಟ್ಟು ಕೊನೆಯ ಗದ್ದೆಯಾದ ಕಾರ್ಬುರೇಟರಿಗೆ ಮೊದಲು ತಿರುಪುಳಿ ಹಾಕುವ ಅಭ್ಯಾಸದಿಂದ ಎಷ್ಟೋ ಒಳ್ಳೆಯ ಯಂತ್ರಗಳು ಹಾಳಾಗಿವೆ. ಅದಕ್ಕಿಂತ ಹೆಚ್ಚಿನ ಸಂಗತಿಯೆಂದರೆ, ಯಂತ್ರವನ್ನು ಹಿಡಿದ ಆಳಿನ ಮೇಲೆ ಅವನು ಮಾಡದ ತಪ್ಪು ಹೊರಿಸಲ್ಪಡುತ್ತಿದೆ. ಗರಗಸಕ್ಕೆ ಕೊಡತಕ್ಕ ಪೆಟ್ರೋಲಿನ ಹೊಣೆಯು ಕೂಲಿಯವನದಲ್ಲ, ಯಜಮಾನನದು ಎಂಬುದನ್ನು ಜಮೀನುದಾರರು ಒಪ್ಪಿಕೊಳ್ಳುವ ಕಾಲ ಬಂದಿದೆ.

ಈ ಯಂತ್ರದ ಸ್ವಭಾವವನ್ನು ಸ್ವಲ್ಪ ತಿಳಿದಲ್ಲದೆ ಈ ಮಾತಿನ ತೂಕವು ಗೊತ್ತಾಗದು. ಪಂಪ್‌ಸೆಟ್ಟಿನ ಎಂಜಿನಿಗಾಗಲಿ ಮೋಟಾರು ಸೈಕಲ್ಲಿಗಾಗಲಿ ಜಿಡ್ಡಿನ ಎಣ್ಣೆಯನ್ನು ಬೇರೆ ಕೊಠಡಿಯಲ್ಲಿ ತುಂಬುತ್ತಾರೆ. ಸರಪಳಿ ಗರಗಸದ ಎಂಜಿನು ಎರಡು ಹೊಡೆತದ್ದು, ಟೂ ಸ್ಟ್ರೋಕ್ ಎನ್ನುವ ಜಾತಿಯದು. ಇದರೊಳಗಿನ ಪಿಸ್ಟನ್ನಿಗೂ ಬೇರಿಂಗುಗಳಿಗೂ ಬೇಕಾದ ಎಣ್ಣೆಯು ಪೆಟ್ರೋಲಿನಲ್ಲಿಯೇ ಬೆರೆತು ಬರಬೇಕು; ಬೇರೆ ದಾರಿಯಿಲ್ಲ. ಆದುದರಿಂದ ಇದಕ್ಕೆ ಪೆಟ್ರೋಲು ಕಡಿಮೆಯಾಯಿತೆಂದರೆ ಜಿಡ್ಡೂ ಕಡಿಮೆಯಾಯಿತೆಂದೇ ಅರ್ಥ. ಬೇರೆ ಎಂಜಿನು ಪೆಟ್ರೋಲು ಸಾಲದೆ ನಿಂತರೆ ಅದು ಬರಿಯ ತೊಂದರೆ. ಇದು ಅರೆಹೊಟ್ಟೆಯಲ್ಲಿ ಓಡಿದರೆ ಪಿಸ್ಟನ್ನು ಕಾದು, ಸಿಲಿಂಡರಿನ ಗೋಡೆಯನ್ನು ಗೀರಿ, ಕೊನೆಗೆ ಹಿಡಿದುಕೊಂಡುಬಿಡುತ್ತದೆ. ಆಮೇಲಿನ ರಿಪೇರಿಯ ವೆಚ್ಚವು ಅನೇಕ ವೇಳೆ ಯಂತ್ರದ ಬೆಲೆಯ ಹತ್ತಿರಕ್ಕೆ ಬರುತ್ತದೆ.

ಇನ್ನೊಂದು ವಿಶೇಷವುಂಟು. ಮೋಟಾರು ಸೈಕಲ್ಲಿನ ಹಳೆಯ ಬಗೆಯ ಕಾರ್ಬುರೇಟರಿನಲ್ಲಿ ಪೆಟ್ರೋಲು ಒಂದು ಬಟ್ಟಲಿನಲ್ಲಿ ನಿಂತಿದ್ದು, ಅದರ ಮೇಲೆ ತೇಲುವ ಬೆಂಡು ಅದರ ಮಟ್ಟವನ್ನು ಕಾಯುತ್ತದೆ. ಮರ ಕೊಯ್ಯುವವನು ಗರಗಸವನ್ನು ಅಡ್ಡಲಾಗಿಯೂ ಓರೆಯಾಗಿಯೂ ಹಿಡಿಯಬೇಕಾಗಿರುವುದರಿಂದ ಬಟ್ಟಲಿನ ಪೆಟ್ರೋಲು ಅಲ್ಲಿ ಕೆಲಸಕ್ಕೆ ಬಾರದು. ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟಿಲ್ ಎಂಬ ಯಂತ್ರಶಿಲ್ಪಿಯು 1926ರಲ್ಲಿ ವಿದ್ಯುತ್ತಿನ ಗರಗಸವನ್ನೂ 1929ರಲ್ಲಿ ಪೆಟ್ರೋಲಿನದನ್ನೂ ಮಾಡಿದಾಗ ಅವು ಇಬ್ಬರು ಹೊತ್ತು ನಡೆಸಬೇಕಾದ ಭಾರದ ಯಂತ್ರಗಳಾಗಿದ್ದುವು. ಯಾವ ಮಗ್ಗುಲಿಗೆ ತಿರುಗಿಸಿದರೂ ಓಡುವ, ಒಬ್ಬನೇ ಹಿಡಿಯತಕ್ಕ ಗರಗಸವು ಬಳಕೆಗೆ ಬಂದದ್ದು 1950ರ ಸುಮಾರಿನಿಂದೀಚೆಗೆ, ಬೆಂಡಿನ ಬದಲಿಗೆ ತೆಳುವಾದ ಪೊರೆಗಳಿಂದ ನಡೆಯುವ ಕಾರ್ಬುರೇಟರು ಸಿಕ್ಕಿದ ಮೇಲೆ. ಈ ಪೊರೆಗಳಿಗೆ ಡಯಾಫ್ರಾಮು ಎಂದು ಹೆಸರು. ಒಂದು ಪೊರೆಯು ಎಂಜಿನಿನ ಒಳಗಣ ಗಾಳಿಯ ಮಿಡಿತದಿಂದ ಅಲುಗಾಡುತ್ತಾ ಟಾಂಕಿಯಿಂದ ಪೆಟ್ರೋಲನ್ನು ಸೇದುತ್ತದೆ. ಇನ್ನೊಂದು ಪೊರೆಯು ಒಂದು ಸಣ್ಣ ಸನ್ನೆಯನ್ನು ಒತ್ತಿ, ಸೂಜಿಯ ಬಾಯನ್ನು ತೆರೆದು ಮುಚ್ಚಿ, ಎಷ್ಟು ಬೇಕೋ ಅಷ್ಟನ್ನೇ ಒಳಕ್ಕೆ ಬಿಡುತ್ತದೆ. ಪೆಟ್ರೋಲು ಹರಿಯುವ ದಾರಿಗಳೋ ಗುಂಡುಸೂಜಿಗಿಂತ ಸಣ್ಣವು. ಇಷ್ಟು ನಾಜೂಕಾದ ಯಂತ್ರಕ್ಕೆ ಜನರು ಕೊಡುವ ಪೆಟ್ರೋಲು ಎಂತಹದೆಂಬುದನ್ನು ಈಗ ನೋಡಬೇಕು.

ಗರಗಸದ ರೋಗಗಳಲ್ಲಿ ಬಹುಭಾಗವು ಡಬ್ಬಿಯಲ್ಲಿಯೇ ಹುಟ್ಟುತ್ತದೆ. ಬೆರೆಸಿದ ಪೆಟ್ರೋಲನ್ನು ಮೂವತ್ತು ದಿವಸಗಳಿಗಿಂತ ಹೆಚ್ಚು ಇಡಬಾರದೆಂದು ಯಂತ್ರ ಮಾಡುವವರು ಹೇಳುತ್ತಾರೆ. ತೋಟಗಳಲ್ಲಿಯಾದರೋ, ಕಳೆದ ವರ್ಷ ಬೆರೆಸಿ ಉಳಿದದ್ದನ್ನು ಈ ವರ್ಷದ ಮೊದಲ ಮರಕ್ಕೆ ಉಪಯೋಗಿಸುವುದು ಮಿತವ್ಯಯವೆಂದೇ ಎಣಿಸಲ್ಪಟ್ಟಿದೆ. ಪೆಟ್ರೋಲಿನಲ್ಲಿ ಬೇಗ ಹೊತ್ತುವ ಹಗುರವಾದ ಅಂಶವು ಮೊದಲು ಆರಿಹೋಗುತ್ತದೆ. ಉಳಿದದ್ದು ಕಾಲಕ್ರಮದಲ್ಲಿ ಗೋಂದಿನಂತೆ ಅಂಟಾಗಿ ಆ ಸಣ್ಣ ದಾರಿಗಳನ್ನು ಮುಚ್ಚುತ್ತದೆ. ಹಳಸಿದ ಪೆಟ್ರೋಲನ್ನು ಮೂಗಿನಿಂದಲೇ ಗುರುತಿಸಬಹುದು. ಹೊಸದರ ಚುರುಕಾದ ವಾಸನೆಯು ಹೋಗಿ ಹುಳಿತ ಬಣ್ಣದ, ವಾರ್ನಿಷಿನ ಹಾಗೆ ಭಾರವಾದ ವಾಸನೆ ಬಂದಿರುತ್ತದೆ.

ಈಚಿನ ವರ್ಷಗಳಲ್ಲಿ ಇದಕ್ಕೆ ಮತ್ತೊಂದು ಕಾರಣವೂ ಸೇರಿದೆ. ಪೆಟ್ರೋಲಿಗೆ ಎಥನಾಲನ್ನು, ಎಂದರೆ ಕಬ್ಬಿನಿಂದಲೂ ಧಾನ್ಯದಿಂದಲೂ ತೆಗೆದ ಸಾರಾಯಸತ್ವವನ್ನು, ಬೆರೆಸುವ ಕ್ರಮವು ದೇಶದಲ್ಲಿ ಬೆಳೆಯುತ್ತಾ ಬಂದು, 2022ನೆಯ ಇಸವಿ ಜೂನ್ ತಿಂಗಳಲ್ಲಿ ಸರಾಸರಿ ಶೇಕಡ 10ನ್ನು ಮುಟ್ಟಿತು. 2023ನೆಯ ಇಸವಿ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇಕಡ 20 ಬೆರೆತ ಪೆಟ್ರೋಲಿನ ಮಾರಾಟಕ್ಕೆ ಆರಂಭ ಮಾಡಲ್ಪಟ್ಟಿತು. ಕಬ್ಬು ಬೆಳೆಯುವವರಿಗೆ ಇದರಿಂದ ಆಗಿರುವ ಅನುಕೂಲವನ್ನು ಇಲ್ಲಿ ಅಲ್ಲಗಳೆಯುವ ಉದ್ದೇಶವಿಲ್ಲ. ಆದರೆ ಹಲವು ಗರಗಸಗಳ ಕೈಪಿಡಿಗಳು ಶೇಕಡ 10ಕ್ಕಿಂತ ಹೆಚ್ಚು ಎಥನಾಲಿರುವ ಪೆಟ್ರೋಲು ಕೂಡದೆಂದು ಸ್ಪಷ್ಟವಾಗಿ ಹೇಳುತ್ತವೆ ಎಂಬುದೂ ನಿಜವೇ. ಎಥನಾಲಿನ ಗುಣವೇನೆಂದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ಆಗುಂಬೆಯ ಕಡೆಯ ಮಳೆಗಾಲದಲ್ಲಿ ಉಪ್ಪು ಡಬ್ಬಿಯೊಳಗೆ ನೀರಾಗುವುದನ್ನು ಕಂಡವರಿಗೆ, ಮುಚ್ಚಳ ಸಡಿಲವಾದ ಪೆಟ್ರೋಲು ಡಬ್ಬಿಯ ಗತಿಯನ್ನು ವಿವರಿಸಬೇಕಾಗಿಲ್ಲ. ತೇವವು ಒಂದು ಮಿತಿಯನ್ನು ಮೀರಿದೊಡನೆ ನೀರೂ ಎಥನಾಲೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಜಿಡ್ಡಿನ ಎಣ್ಣೆಯು ಬಹುಪಾಲು ಮೇಲಿನ ಪೆಟ್ರೋಲಿನೊಡನೆಯೇ ಉಳಿಯುತ್ತದೆ. ಗರಗಸದ ಹೀರುಗೊಳವೆಯ ಬಾಯಿಯು ಟಾಂಕಿಯ ತಳದಲ್ಲಿರುವುದರಿಂದ ಎಂಜಿನು ಮೊದಲು ಕುಡಿಯುವುದು ಆ ತಳದ ನೀರನ್ನೇ. ಇದಲ್ಲದೆ ಎಥನಾಲಿಗೆ ಒಗ್ಗದ ಹಳೆಯ ರಬ್ಬರು ಕೊಳವೆಗಳೂ ಪೊರೆಗಳೂ ಅದರಿಂದ ಉಬ್ಬಿ, ಆಮೇಲೆ ಒಣಗಿ ಬಿರುಸಾಗುವುದುಂಟು.

ಈ ದೋಷವನ್ನು ಪರೀಕ್ಷಿಸುವುದಕ್ಕೆ ಮೇಸ್ತ್ರಿ ಬೇಕಿಲ್ಲ. ಟಾಂಕಿಯಲ್ಲಿರುವುದನ್ನು ಒಂದು ಬಿಳಿಯ ಗಾಜಿನ ಸೀಸೆಗೆ ಸುರಿದು ಅರ್ಧ ಗಂಟೆ ಅಲುಗಿಸದೆ ಇಟ್ಟು ಬೆಳಕಿಗೆ ಹಿಡಿದು ನೋಡಿದರೆ ಸಾಕು. ಎರಡು ಪದರಗಳು ಕಂಡರೂ, ತಳದಲ್ಲಿ ಹನಿಗಳು ಉರುಳಿದರೂ, ಮಂಜು ಕವಿದಂತಿದ್ದರೂ ಅದನ್ನು ಗರಗಸಕ್ಕೆ ಹಾಕಲೇಕೂಡದು. ಯಂತ್ರ ಹೊತ್ತದಿದ್ದಾಗ ಮಾಡತಕ್ಕ ಮೊದಲನೆಯ ಕೆಲಸ ಇದು. ಆದರೆ ಸಾಮಾನ್ಯವಾಗಿ ಯಾರೂ ಮಾಡದ ಕೆಲಸವೂ ಇದೇ.

ಎಣ್ಣೆಯ ಪ್ರಮಾಣದಲ್ಲಿಯೂ ಗೊಂದಲ ಹೆಚ್ಚು. ಈಗಿನ ಅನೇಕ ಗರಗಸಗಳಿಗೆ ಅವುಗಳಿಗೆ ತಕ್ಕ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆಯನ್ನು ಐವತ್ತಕ್ಕೆ ಒಂದರಂತೆ, ಎಂದರೆ ಲೀಟರು ಪೆಟ್ರೋಲಿಗೆ 20 ಮಿಲಿಲೀಟರಿನಂತೆ ಬೆರೆಸಬೇಕು. ಕೆಲವು ಯಂತ್ರಗಳಿಗೆ, ಅಥವಾ ಸಾಧಾರಣ ಎಣ್ಣೆಯಾದರೆ, ಇಪ್ಪತ್ತೈದಕ್ಕೆ ಒಂದು, ಎಂದರೆ ಲೀಟರಿಗೆ 40 ಮಿಲಿಲೀಟರು. ಯಾವುದೆಂಬುದನ್ನು ಆಯಾ ಯಂತ್ರದ ಕೈಪಿಡಿಯಲ್ಲಿ ನೋಡಬೇಕು. ಸೀಸೆಯ ಮುಚ್ಚಳದಲ್ಲಿ ಅಂದಾಜಿನಿಂದ ಸುರಿಯುವುದು ಅಳತೆಯಲ್ಲ. ಹೆಚ್ಚು ಎಣ್ಣೆ ಹಾಕಿದರೆ ಯಂತ್ರಕ್ಕೆ ಹೆಚ್ಚು ಒಳ್ಳೆಯದೆಂದು ಭಾವಿಸುವವರೂ ಇದ್ದಾರೆ. ಅವರ ಗರಗಸವು ಹೊಗೆ ಕಾರುತ್ತಾ, ಪ್ಲಗ್ಗು ಮಸಿಗಟ್ಟುತ್ತಾ, ಸೈಲೆನ್ಸರು ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಇದಕ್ಕಿಂತ ಭಯಂಕರವಾದದ್ದು ಹುಲ್ಲು ಕೊಯ್ಯುವ ಯಂತ್ರದ ಡಬ್ಬಿ. ಅನೇಕ ತೋಟಗಳಲ್ಲಿ ವೀಡ್ ಕಟರು ನಾಲ್ಕು ಹೊಡೆತದ್ದಾಗಿದ್ದು ಅದಕ್ಕೆ ಬರಿಯ ಪೆಟ್ರೋಲು ಸಲ್ಲುತ್ತದೆ. ಎರಡು ಡಬ್ಬಿಗಳೂ ಒಂದೇ ಬಣ್ಣದವಾಗಿ ಒಂದೇ ಹಲಗೆಯ ಮೇಲೆ ಕುಳಿತಿದ್ದರೆ, ಮಳೆಯಲ್ಲಿ ಅವಸರದಿಂದ ಬಂದ ಆಳು ಯಾವುದನ್ನು ತೆಗೆದಾನು? ಎಣ್ಣೆ ಬೆರೆಯದ ಪೆಟ್ರೋಲಿನಲ್ಲಿ ಗರಗಸವು ಬಹು ಚೆನ್ನಾಗಿಯೇ ಹೊತ್ತಿಕೊಂಡು, ಕೆಲವೇ ನಿಮಿಷ ಓಡಿ, ಶಾಶ್ವತವಾಗಿ ನಿಲ್ಲುತ್ತದೆ. ಆಗ ದಂಡ ತೆರುವವನು ಆಳು. ಡಬ್ಬಿಗೆ ಗುರುತು ಹಾಕದೆ ಇಟ್ಟವನು ಯಜಮಾನ.

ಪೆಟ್ರೋಲು ಒಳ್ಳೆಯದೆಂದು ಗೊತ್ತಾದ ಮೇಲೆ ಅದು ಎಂಜಿನಿಗೆ ಮುಟ್ಟುತ್ತಿದೆಯೇ ಎಂದು ತಿಳಿಯಬೇಕು. ಇದಕ್ಕೆ ಪ್ಲಗ್ಗೇ ಸಾಕ್ಷಿ. ಚೋಕು ಹಾಕಿ ಹಗ್ಗವನ್ನು ಎಂಟು ಹತ್ತು ಸಲ ಎಳೆದ ತರುವಾಯ ಪ್ಲಗ್ಗನ್ನು ಬಿಚ್ಚಿದರೆ ಅದರ ತುದಿಯು ಒದ್ದೆಯಾಗಿರುವುದೋ ಒಣಗಿರುವುದೋ ಕಾಣುತ್ತದೆ. ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ. ದೋಷವು ಕಿಡಿಯಲ್ಲಿಯೋ, ಪೆಟ್ರೋಲು ಅತಿಯಾಗಿ ತುಂಬಿದುದರಲ್ಲಿಯೋ ಇದೆ. ಒಣಗಿದ್ದರೆ ದಾರಿಯಲ್ಲಿ ಎಲ್ಲಿಯೋ ತಡೆಯಿದೆ. ಇದನ್ನು ಇನ್ನೂ ನಿಶ್ಚಯ ಮಾಡಿಕೊಳ್ಳಬೇಕಾದರೆ, ಬೆರೆಸಿದ ಪೆಟ್ರೋಲಿನ ಕೆಲವೇ ಹನಿಗಳನ್ನು ಪ್ಲಗ್ಗಿನ ರಂಧ್ರದಲ್ಲಿ ಬಿಟ್ಟು, ಚೆಲ್ಲಿದುದನ್ನು ಒರಸಿ, ಪ್ಲಗ್ಗನ್ನು ಭದ್ರಪಡಿಸಿ, ಡಬ್ಬಿಯನ್ನು ದೂರ ಇಟ್ಟು ಎಳೆಯಬೇಕು. ಎರಡು ಮೂರು ಕ್ಷಣ ಗುಡುಗಿ ನಿಂತರೆ ಕಿಡಿಯೂ ಒತ್ತಡವೂ ಸರಿಯಾಗಿವೆ, ಪೆಟ್ರೋಲಿನ ದಾರಿಯೇ ಕೆಟ್ಟಿದೆಯೆಂದು ತಿಳಿಯತಕ್ಕದ್ದು. ಬೀಡಿ ಹೊತ್ತಿಸಿದವರನ್ನು ಈ ಪರೀಕ್ಷೆಯ ಹತ್ತಿರಕ್ಕೆ ಬಿಡಬಾರದೆಂದು ಬೇರೆ ಹೇಳಬೇಕಾದುದಿಲ್ಲವಾದರೂ, ಹೇಳಿಬಿಡುವುದೇ ಮೇಲು.

ದಾರಿಯಲ್ಲಿ ಮೊದಲು ನೋಡಬೇಕಾದದ್ದು ಟಾಂಕಿಯ ಉಸಿರುಗಂಡಿ. ಪೆಟ್ರೋಲು ಹೊರಕ್ಕೆ ಹೋದಷ್ಟೂ ಗಾಳಿಯು ಒಳಕ್ಕೆ ಬರಬೇಕು. ಅದಕ್ಕಾಗಿ ಕೆಲವು ಯಂತ್ರಗಳಲ್ಲಿ ಮುಚ್ಚಳದಲ್ಲಿಯೂ ಕೆಲವುಗಳಲ್ಲಿ ಟಾಂಕಿಯ ಪಕ್ಕದಲ್ಲಿಯೂ ಒಂದು ಸಣ್ಣ ದ್ವಾರವಿರುತ್ತದೆ. ಮರದ ಹೊಟ್ಟು ಎಣ್ಣೆಯೊಡನೆ ಕಲಸಿ ಅಂಟಾಗಿ ಇದನ್ನು ಮುಚ್ಚುತ್ತದೆ. ಆಗ ಯಂತ್ರವು ಟಾಂಕಿ ತುಂಬಿಸಿದೊಡನೆ ಚೆನ್ನಾಗಿ ಓಡಿ, ಹತ್ತು ಹದಿನೈದು ನಿಮಿಷಗಳಲ್ಲಿ ಸೊರಗಿ ನಿಲ್ಲುತ್ತದೆ. ಬಿಡುವು ಕೊಟ್ಟರೆ ಪುನಃ ಓಡುತ್ತದೆ. ಈ ನಡತೆಯನ್ನು ನೋಡಿ ಎಂಜಿನು ಬಿಸಿಗೆ ನಿಲ್ಲುತ್ತಿದೆಯೆಂದು ಹೇಳುವವರೇ ಬಹಳ. ಆ ಮಾತನ್ನು ನಂಬಿ ಕಾಯಿಲು ಬದಲಾಯಿಸಿದವರೂ ಇದ್ದಾರೆ. ಯಂತ್ರವು ಸೊರಗಿದಾಗ ನಿಲ್ಲಿಸಿ, ಆರಲು ಬಿಟ್ಟು, ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ ಮತ್ತೆ ಬಿಗಿದು ನಡೆಸಿ ನೋಡಬೇಕು. ಸಡಿಲಿಸಿದಾಗ ಗಾಳಿಯು ಒಳಕ್ಕೆ ಸೆಳೆದ ಶಬ್ದವಾಗಿ, ಬಳಿಕ ಯಂತ್ರವು ಇನ್ನೊಂದಷ್ಟು ಹೊತ್ತು ಸರಿಯಾಗಿ ಓಡಿದರೆ ಕಾಯಿಲೆ ಗೊತ್ತಾದಂತೆ. ಕಾದ ಯಂತ್ರದ ಮುಚ್ಚಳವನ್ನು ಒಮ್ಮೆಗೇ ತಿರುಗಿಸಿದರೆ ಒಳಗಿನ ಆವಿಯು ಪೆಟ್ರೋಲನ್ನು ಮೈಮೇಲೆ ಚಿಮ್ಮಿಸಬಹುದು; ಪಕ್ಕದಲ್ಲಿಯೇ ಸುಡುವ ಸೈಲೆನ್ಸರು ಇರುತ್ತದೆ. ಆದುದರಿಂದ ಇಲ್ಲಿ ಅವಸರ ಕೂಡದು.

ಎರಡನೆಯದು ಟಾಂಕಿಯೊಳಗಿನ ಶೋಧಕ. ಬಾಗಿಸಿದ ತಂತಿಯಿಂದ ಇದನ್ನು ಮುಚ್ಚಳದ ಬಾಯಿಯ ಮೂಲಕ ಹೊರಕ್ಕೆ ಎಳೆಯಬಹುದು. ಕಪ್ಪಾಗಿ ಗಟ್ಟಿಯಾಗಿದ್ದರೆ ತೊಳೆಯುವುದಕ್ಕಿಂತ ಬದಲಾಯಿಸುವುದೇ ಲೇಸು, ಬೆಲೆಯು ಅತ್ಯಲ್ಪ. ಶೋಧಕವು ಕಟ್ಟಿದ ಗರಗಸವು ನಿಧಾನವಾಗಿ ಗುಡುಗುಡಿಸುತ್ತಾ ನಿಂತಿರುವಾಗ ಸರಿಯಾಗಿಯೇ ಇದ್ದು, ಮರಕ್ಕೆ ಹಚ್ಚಿ ಪೂರ್ಣ ವೇಗ ಕೊಟ್ಟೊಡನೆ ಉಸಿರು ಕಟ್ಟಿದಂತಾಗುತ್ತದೆ. ಹೆಚ್ಚು ಕೇಳಿದಾಗ ಹೆಚ್ಚು ಬಾರದು ಎಂಬುದೇ ಇದರ ಲಕ್ಷಣ. ಮೂರನೆಯದು ರಬ್ಬರು ಕೊಳವೆ. ಇದು ಟಾಂಕಿಯ ಗೋಡೆಯನ್ನು ದಾಟುವ ಕಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬಿರಿಯುತ್ತದೆ. ಬಿರುಕು ಪೆಟ್ರೋಲಿನಲ್ಲಿ ಮುಳುಗಿರುವವರೆಗೆ ಬಾಧಕವಿಲ್ಲ. ಟಾಂಕಿ ಅರ್ಧವಾದ ಮೇಲೆ, ಅಥವಾ ಗರಗಸವನ್ನು ಒಂದು ಮಗ್ಗುಲಿಗೆ ಓರೆಮಾಡಿದಾಗ, ಅದು ಪೆಟ್ರೋಲಿಗೆ ಬದಲು ಗಾಳಿಯನ್ನು ಹೀರುತ್ತದೆ. ‘ತುಂಬಿದಾಗ ಓಡುತ್ತದೆ, ಅರ್ಧಕ್ಕೆ ನಿಲ್ಲುತ್ತದೆ’ ಎಂಬ ದೂರು ಬಂದರೆ ಕೊಳವೆಯನ್ನೇ ಮೊದಲು ಸಂದೇಹಿಸಬೇಕು. ಕೊಳವೆಯನ್ನು ಹೊರಗೆ ತೆಗೆದು ಮಡಿಸಿದರೆ ಬಿರುಕು ಬಾಯಿಬಿಡುತ್ತದೆ. ಇಲ್ಲವೆ ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ, ಜಾನುವಾರಿಗೆ ಔಷಧ ಕೊಡುವ ಸಿರಿಂಜಿನಿಂದ ಇನ್ನೊಂದು ತುದಿಗೆ ಗಾಳಿಯನ್ನೊತ್ತಿ, ನೀರಿನಲ್ಲಿ ಅದ್ದಿದರೆ ಗುಳ್ಳೆಗಳು ಏಳುತ್ತವೆ. ಬಾಯಿಂದ ಊದುವುದೂ ಹೀರುವುದೂ ಸರಿಯಲ್ಲ. ಒತ್ತುಗುಳ್ಳೆ ಇರುವ ಯಂತ್ರಗಳಲ್ಲಿ ಇನ್ನೂ ಸುಲಭ: ಒತ್ತಿದ ಗುಳ್ಳೆಯು ಮೇಲೇಳದೆ ಹೋದರೆ ಶೋಧಕ ಕಟ್ಟಿದೆ, ಎಷ್ಟು ಒತ್ತಿದರೂ ಗಾಳಿಯ ಗುಳ್ಳೆಗಳೇ ಬರುತ್ತಿದ್ದರೆ ಕೊಳವೆ ಸೋರುತ್ತಿದೆ.

ಇಷ್ಟೂ ಸರಿಯಾಗಿದ್ದು ಪ್ಲಗ್ಗು ಒಣಗಿಯೇ ಇದ್ದರೆ ಮಾತ್ರ ಕಾರ್ಬುರೇಟರಿನ ಸರದಿ. ಅದರೊಳಗೂ ಮೊದಲು ಕಾಣಬೇಕಾದದ್ದು ಪಂಪಿನ ಕಡೆಯ ಮುಚ್ಚಳದಡಿ ಇರುವ ಚಿಕ್ಕ ಜಾಲರಿ. ಅದರಲ್ಲಿ ಕೆನೆಯಂತೆ ಕಸ ಕಟ್ಟಿರುವುದುಂಟು. ಆಮೇಲೆ ಪೊರೆಗಳು. ಹೊಸ ಪೊರೆಯು ಮೆತ್ತಗೆ ಬಳುಕುತ್ತದೆ. ಹಳತಾದುದು ಒಣಗಿದ ಬಾಳೆಪಟ್ಟೆಯಂತೆ ಬಿರುಸಾಗಿ, ಬೆರಳಿನಿಂದ ಒತ್ತಿದರೆ ಚಟಪಟನೆ ಸದ್ದು ಮಾಡುತ್ತದೆ. ಬಿರುಸಾದ ಪೊರೆಯು ಸನ್ನೆಯನ್ನು ಸಾಕಷ್ಟು ಒತ್ತಲಾರದಾದುದರಿಂದ ಸೂಜಿಯು ಪೂರ್ತಿ ತೆರೆಯದೆ ಎಂಜಿನು ಅರೆಹೊಟ್ಟೆಯಲ್ಲಿರುತ್ತದೆ. ಪೊರೆ, ಗ್ಯಾಸ್ಕೆಟು, ಸೂಜಿ ಇವೆಲ್ಲ ಕೂಡಿದ ಕಿಟ್ಟು ಪೇಟೆಯಲ್ಲಿ ಬಿಡಿಯಾಗಿ ಸಿಗುತ್ತದೆ. ಇಡೀ ಕಾರ್ಬುರೇಟರನ್ನು ಕೊಳ್ಳುವುದಕ್ಕಿಂತ ಬಹಳ ಅಗ್ಗ. ಪೊರೆಯೂ ಗ್ಯಾಸ್ಕೆಟೂ ಯಾವುದು ಕೆಳಗೆ ಯಾವುದು ಮೇಲೆ ಇತ್ತೆಂಬುದನ್ನು ಬಿಚ್ಚುವಾಗಲೇ ಗುರುತಿಟ್ಟುಕೊಳ್ಳದವರು ಜೋಡಿಸುವಾಗ ಪರಿತಪಿಸುತ್ತಾರೆ. ಸಣ್ಣ ರಂಧ್ರಗಳೊಳಕ್ಕೆ ತಂತಿ ತೂರಿಸುವುದು, ಪೊರೆಯು ಒಳಗಿರುವಾಗಲೇ ಪಂಕ್ಚರು ಅಂಗಡಿಯ ಗಾಳಿಯನ್ನು ಹೊಡೆಯಿಸುವುದು, ಇವೆರಡೂ ಒಳ್ಳೆಯದನ್ನು ಕೆಡಿಸುವ ಉಪಾಯಗಳು. ಈ ಹಂತದ ಕೆಲಸವನ್ನು ಕೈ ಪಳಗಿದವರಿಗೆ ಬಿಡುವುದೇ ಯುಕ್ತ.

ಇನ್ನು ತಿರುಪುಗಳ ಮಾತು. ಕಾರ್ಬುರೇಟರಿನ ಮಗ್ಗುಲಲ್ಲಿ ಎಲ್ ಮತ್ತು ಎಚ್ ಎಂಬ ಅಕ್ಷರಗಳುಳ್ಳ ಎರಡು ತಿರುಪುಗಳು ಪೆಟ್ರೋಲಿನ ಪ್ರಮಾಣಕ್ಕೂ, ಮೂರನೆಯದೊಂದು ಯಂತ್ರವು ಕೆಲಸವಿಲ್ಲದೆ ನಿಂತಿರುವಾಗಿನ ವೇಗಕ್ಕೂ ಸಂಬಂಧಪಟ್ಟಿವೆ. ಗರಗಸವು ಸೊರಗಿದೊಡನೆ ಇವನ್ನು ತಿರುಗಿಸುವುದು ಎಲ್ಲೆಡೆಯೂ ಕಂಡುಬರುವ ಚಪಲ. ಎಚ್ ತಿರುಪನ್ನು ಒಳಕ್ಕೆ ತಿರುಗಿಸಿದರೆ ಪೆಟ್ರೋಲು ಕಡಿಮೆಯಾಗಿ ಯಂತ್ರವು ಎತ್ತರದ ಸ್ವರದಲ್ಲಿ ಕಿರಿಚುತ್ತದೆ. ಕೇಳುವವರಿಗೆ ಅದು ಹುರುಪಿನಂತೆ ತೋರುತ್ತದೆ. ಆದರೆ ಅದು ಹಸಿದ ಯಂತ್ರದ ಕೂಗು. ಜಿಡ್ಡು ಸಾಲದೆ ಪಿಸ್ಟನ್ನು ಕಾಯುತ್ತಿರುವ ಧ್ವನಿ. ಶೋಧಕವೋ ಕೊಳವೆಯೋ ಕೆಟ್ಟು ಮೊದಲೇ ಪೆಟ್ರೋಲು ಸಾಲದಿದ್ದ ಎಂಜಿನಿಗೆ ಈ ಉಪಚಾರವಾದರೆ ಫಲವೇನೆಂಬುದನ್ನು ಊಹಿಸಬಹುದು. ಸರಿಯಾಗಿ ಉರಿದ ಪ್ಲಗ್ಗಿನ ತುದಿಯು ಹುರಿದ ಕಾಫಿ ಬೀಜದ ತಿಳಿಗಂದು ಬಣ್ಣದಲ್ಲಿರುತ್ತದೆ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದೆಂದೂ, ಕಪ್ಪಾಗಿ ಹಸಿಯಾಗಿದ್ದರೆ ಹೆಚ್ಚಾಯಿತೆಂದೂ ತಿಳಿಯಬೇಕು. ಬಿಳಿಯ ಪ್ಲಗ್ಗನ್ನು ಕಂಡವರು ಆ ಯಂತ್ರವನ್ನು ಮರಕ್ಕೆ ಹಚ್ಚದೆ ಕೆಳಗಿಡತಕ್ಕದ್ದು.

ಮೂರನೆಯ ತಿರುಪಿನಿಂದ ಆಗುವ ಕೇಡು ಯಂತ್ರಕ್ಕಲ್ಲ, ಮನುಷ್ಯನಿಗೆ. ಪೆಟ್ರೋಲು ಸರಿಯಾಗಿ ಬಾರದೆ ಯಂತ್ರವು ಪದೇ ಪದೇ ಆರುತ್ತಿದ್ದರೆ, ಆರದಂತೆ ಮಾಡಲು ಈ ತಿರುಪನ್ನು ಬಿಗಿದು ವೇಗವನ್ನು ಏರಿಸುತ್ತಾರೆ. ನಿಂತಿರುವಾಗ ಸರಪಳಿಯು ತಿರುಗಬಾರದೆಂಬುದು ಈ ಯಂತ್ರದ ರಚನೆಯ ಮೂಲನಿಯಮ. ವೇಗವು ಏರಿದಾಗ ಮಾತ್ರ ಕ್ಲಚ್ಚು ಸರಪಳಿಯನ್ನು ಹಿಡಿಯುತ್ತದೆ. ತಿರುಪನ್ನು ಬಿಗಿದ ಯಂತ್ರದಲ್ಲಿ ಬೆರಳನ್ನು ತೆಗೆದರೂ ಸರಪಳಿಯು ಓಡುತ್ತಲೇ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿದು, ಕೆಸರಿನಲ್ಲಿ, ಉರುಳಿಬಿದ್ದ ಕೊಂಬೆಗಳ ನಡುವೆ ಹೆಜ್ಜೆಯಿಡುವ ಆಳಿನ ತೊಡೆಗೂ ಹಲ್ಲಿಗೂ ಇರುವ ಅಂತರವು ಒಂದು ಗೇಣು. ಒಂದು ಕೊಳವೆಯ ತುಂಡನ್ನು ಬದಲಾಯಿಸದ ಯಜಮಾನನು ತನಗೆ ಅರಿವಿಲ್ಲದೆಯೇ ಅವನನ್ನು ಈ ಸ್ಥಿತಿಗೆ ತಂದಿರುತ್ತಾನೆ.

ಪೆಟ್ರೋಲಿನ ದೋಷದಂತೆ ತೋರುವ ಬೇರೆ ದೋಷಗಳೂ ಇಲ್ಲದಿಲ್ಲ. ಗಾಳಿಯ ಶೋಧಕವು ಹೊಟ್ಟಿನಿಂದ ಮುಚ್ಚಿದ್ದರೆ ಯಂತ್ರವು ಹೊಗೆ ಕಾರಿ ಮುಗ್ಗರಿಸುತ್ತದೆ. ಸೈಲೆನ್ಸರಿನ ಬಾಯಿಯಲ್ಲಿ ಕಿಡಿ ತಡೆಯುವ ಜಾಲರಿಯಿರುವ ಯಂತ್ರಗಳಲ್ಲಿ ಅದು ಮಸಿಗಟ್ಟಿದರೂ ವೇಗವು ಏರದು. ಎಂಜಿನಿಗೂ ಕಾರ್ಬುರೇಟರಿಗೂ ನಡುವಣ ರಬ್ಬರು ಬಿರಿದು ಗಾಳಿ ಸೋರಿದರೆ ಬೆರಳು ತೆಗೆದರೂ ವೇಗವು ಇಳಿಯದೆ ಏರಿಯೇ ನಿಲ್ಲುವುದು. ಇದನ್ನು ಕಂಡೊಡನೆ ಯಂತ್ರವನ್ನು ಆರಿಸಬೇಕು, ತಿರುಪು ಮುಟ್ಟಬಾರದು.

‘ಇದೆಲ್ಲ ಮೆಕ್ಯಾನಿಕ್ಕಿನ ಕೆಲಸ, ಜಮೀನಿನ ಒಡೆಯನಿಗೆ ಏಕೆ?’ ಎಂದು ಕೇಳುವವರು ಇರಬಹುದು. ಗದ್ದೆಯ ಒಡೆಯನು ತಾನೇ ನೇಗಿಲು ಹಿಡಿಯದಿದ್ದರೂ ಬಿತ್ತನೆಯ ಬೀಜ ಮುಗ್ಗಿದೆಯೇ ಎಂಬುದನ್ನು ಮೂಸಿ ನೋಡುತ್ತಾನೆ. ಮುಗ್ಗಿದ ಬೀಜವನ್ನು ಕೊಟ್ಟು ಪೈರು ಬಾರದುದಕ್ಕೆ ಉತ್ತವನನ್ನು ಬೈಯುವುದಿಲ್ಲ. ಹಳಸಿದ ಪೆಟ್ರೋಲಿನ ಮಾತೂ ಅಷ್ಟೇ. ಎಂಜಿನು ಹಿಡಿದುಕೊಂಡಿತೆಂದು ಆಳಿನ ಕೂಲಿಯಲ್ಲಿ ಮುರಿದುಕೊಳ್ಳುವ ಪದ್ಧತಿಯು ಕೆಲವು ಕಡೆಗಳಲ್ಲಿ ಉಂಟು. ಹಾಗೆ ಮುರಿಯುವ ಮೊದಲು ಡಬ್ಬಿಯ ಪೆಟ್ರೋಲನ್ನು ಗಾಜಿನಲ್ಲಿ ನೋಡಿದ್ದಾಯಿತೇ, ಪ್ಲಗ್ಗಿನ ಬಣ್ಣವನ್ನು ನೋಡಿದ್ದಾಯಿತೇ, ಶೋಧಕವನ್ನು ಕಡೆಯ ಸಲ ಬದಲಾಯಿಸಿದ್ದು ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಇಂತಹ ಜಗಳವು ಊರಿನ ಹಿರಿಯರ ಮುಂದೆ ಬಂದಾಗ ಅವರು ಕೇಳತಕ್ಕದ್ದೂ ಇವನ್ನೇ. ಗರಗಸದವನು ತನ್ನ ಯಂತ್ರವನ್ನು ತಾನೇ ತಂದು, ತೋಟದವನು ಪೆಟ್ರೋಲು ಕೊಡುವ ಕಡೆಗಳಲ್ಲಿ ಅನ್ಯಾಯವು ಇನ್ನೂ ಹೆಚ್ಚು; ಅಲ್ಲಿ ಕೆಡುವುದು ಬಡವನ ಜೀವನೋಪಾಯ. ಅವನು ತನ್ನ ಕೈಯಿಂದ ಬೆರೆಸಿದ ಪೆಟ್ರೋಲನ್ನೇ ಹಾಕಲು ಬಿಟ್ಟು, ಅದರ ಬೆಲೆಯನ್ನು ಕೂಲಿಯೊಡನೆ ಸೇರಿಸಿ ಕೊಡುವುದು ನೆಟ್ಟನೆಯ ದಾರಿ.

ಹತ್ತು ಹನ್ನೆರಡು ತೋಟಗಳಿರುವ ಊರಿನಲ್ಲಿ ಪ್ರತಿಯೊಬ್ಬರೂ ಬಿಡಿಭಾಗಗಳನ್ನು ಕೊಂಡಿಡಬೇಕಾಗಿಲ್ಲ. ಸಹಕಾರ ಸಂಘದಲ್ಲಿಯೋ ಒಪ್ಪಿದವರೊಬ್ಬರ ಮನೆಯಲ್ಲಿಯೋ ಒಂದು ತಗಡಿನ ಪೆಟ್ಟಿಗೆಯಲ್ಲಿ ಆ ಊರಿನ ಯಂತ್ರಗಳಿಗೆ ಹೊಂದುವ ನಾಲ್ಕು ಶೋಧಕಗಳು, ಒಂದೆರಡು ಮೊಳ ಕೊಳವೆ, ಎರಡು ಪ್ಲಗ್ಗು, ಪ್ಲಗ್ಗಿನ ಸ್ಪ್ಯಾನರು, ಒಂದು ಪೊರೆಯ ಕಿಟ್ಟು, ಅಳತೆಯ ಸೀಸೆ ಇಷ್ಟಿದ್ದರೆ ಮಳೆಗಾಲದ ಬಹುಪಾಲು ತೊಂದರೆಗಳು ಪೇಟೆಗೆ ಹೋಗದೆ ತೀರುತ್ತವೆ. ದಾರಿಗೆ ಮರ ಬಿದ್ದಾಗ ಪೇಟೆಗೆ ಹೋಗುವ ದಾರಿಯೂ ಮುಚ್ಚಿರುತ್ತದೆಂಬುದನ್ನು ನೆನೆದರೆ ಈ ಪೆಟ್ಟಿಗೆಯ ವೆಚ್ಚವು ದೊಡ್ಡದಲ್ಲ.

ಮಳೆ ಕಳೆದು ಅಡಕೆಯ ಕೊಯ್ಲು ಹಿಡಿದಾಗ ಗರಗಸವನ್ನು ಕಟ್ಟಿಡುವ ಸಮಯ ಬರುತ್ತದೆ. ಆ ದಿವಸ ಟಾಂಕಿಯನ್ನು ಬರಿದುಮಾಡಿ, ಒಳಗೆ ಉಳಿದುದು ತೀರಿ ತಾನಾಗಿಯೇ ಆರುವವರೆಗೆ ಯಂತ್ರವನ್ನು ಮಂದಗತಿಯಲ್ಲಿ ನಡೆಸಬೇಕು. ಇದರಿಂದ ಪೊರೆಗಳು ಒಂದಕ್ಕೊಂದು ಅಂಟುವುದು ತಪ್ಪುತ್ತದೆ. ಹೊಟ್ಟನ್ನು ಕುಂಚದಿಂದ ಗುಡಿಸಿ, ಉಸಿರುಗಂಡಿಯನ್ನು ಒರಸಿ, ಒಲೆಯ ಹೊಗೆಯೂ ತೇವವೂ ತಾಗದ ಕಡೆ ಇಡಬೇಕು. ಡಬ್ಬಿಯಲ್ಲಿ ಮಿಕ್ಕ ಪೆಟ್ರೋಲನ್ನು ಮುಂದಿನ ವರ್ಷಕ್ಕೆಂದು ಉಳಿಸಕೂಡದು. ಬರುವ ಮೇ ತಿಂಗಳ ಕೊನೆಯ ವಾರದಲ್ಲಿ, ಮೊದಲ ಗಾಳಿ ಬೀಸುವುದಕ್ಕೆ ಮುಂಚೆ, ಒಂದು ಲೀಟರು ಹೊಸ ಪೆಟ್ರೋಲನ್ನು ತಂದು ಅಳತೆಯಂತೆ ಬೆರೆಸಿ, ಅಂಗಳದಲ್ಲಿ ಐದು ನಿಮಿಷ ನಡೆಸಿ ನೋಡುವುದು.